ಕಪ್ಪೆಗಳ ಮೇಷ್ಟ್ರು ಸಿ. ಆರ್. ನಾರಾಯಣ ರಾವ್

ಜುಮೇರಾ ಲೇಕ್ ಟವರ್ಸ್: ಮಕ್ಕಳನ್ನು ಪಶುವೈದ್ಯಕೀಯ ಓದಲು ಬೆಂಗಳೂರಿನ ಹೆಬ್ಬಾಳಕ್ಕೆ ಕಳಿಸುವ ಯೋಚನೆಯಲ್ಲಿರುವ ಅನಿವಾಸಿ ಕನ್ನಡಿಗ ಮಿತ್ರರಿಗಾಗಿ, ಅದೇ ಊರಿನಲ್ಲಿ ಪ್ರಾಣಿಗಳ ಅಂಗರಚನೆಯನ್ನು ಕಲಿಸಿದ ಒಬ್ಬ ದೊಡ್ಡ ಮೇಷ್ಟ್ರ ಪರಿಚಯ ಇಲ್ಲಿದೆ.

ನಾರಾಯಣ ರಾಯರು ಹುಟ್ಟಿದ್ದು 1882ರಲ್ಲಿ, ಕೊಯಮತ್ತೂರಿನಲ್ಲಿ. ಶಾಲೆ ಬಳ್ಳಾರಿಯಲ್ಲಿ, ಮುಂದಿನ ಓದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದು ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1937ರಲ್ಲಿ ನಿವೃತ್ತರಾದರು.

ಅವರ ಪ್ರೀತಿಯ ಪ್ರಾಣಿ ಕಪ್ಪೆ. ದನದ ಡಾಕ್ಟರಾಗುವವರಿಗೆ ಕಪ್ಪೆ ಏಕೆ ಎನ್ನಬೇಡಿ! ಮೊಣಕೈಯಿಂದ ಮಣಿಕಟ್ಟಿನವರೆಗೆ ನಮಗೂ ನಾಯಿಗೂ ಎರಡು ಬೇರೆ ಬೇರೆ ಮೂಳೆಗಳಿವೆ. ಕಪ್ಪೆಯಲ್ಲಿ ಅವೆರಡೂ ಬೆಸೆದು ಒಂದಾಗಿವೆ, ಕುದುರೆಯಲ್ಲೂ ಹಾಗೆಯೇ. ಬೆನ್ನುಮೂಳೆಯ ಪ್ರಾಣಿಗಳಿಗೆಲ್ಲ ನಕ್ಷೆ ಒಂದೇ, ಬದುಕಿಗೆ ತಕ್ಕಂತೆ ತಿದ್ದುಪಡಿ ಬೇರೆ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವುದೇ ಈ ವಿದ್ಯೆ. ಕಪ್ಪೆಗಳಲ್ಲೇ ಜಾತಿ ಗುರುತಿಸಲು ಹಲ್ಲು, ಎದೆಮೂಳೆ, ಬೆರಳ ತುದಿ ಎಲ್ಲವನ್ನೂ ಹೀಗೆಯೇ ಹೋಲಿಸಬೇಕು.

ರಾಯರು 1920ರಲ್ಲಿ ಕೊಡಗಿನ ಜೌಗಿನ ಒಂದು ಕಪ್ಪೆಯನ್ನು ಜಗತ್ತಿಗೆ ತಿಳಿಸಿದರು. 1937ರಲ್ಲಿ ಇನ್ನಷ್ಟು ಹೊಸ ಕಪ್ಪೆಗಳ ವಿವರ ಪ್ರಕಟಿಸಿದರು. ಸಕಲೇಶಪುರದ ಕೆಂಪುಹೊಳೆಯ ಹೆಸರು ಹೊತ್ತ ಪುಟ್ಟ ಕಪ್ಪೆಯೂ ಅವುಗಳಲ್ಲಿ ಒಂದು. ಈ ನಡುವೆ 1932ರಲ್ಲಿ ಬೆಂಗಳೂರಿನಿಂದ ‘ಕರೆಂಟ್ ಸೈನ್ಸ್’ ಪತ್ರಿಕೆ ಶುರುವಾದಾಗ ಮೊದಲ ಸಂಪಾದಕರೂ ಅವರೇ. 1960ರಲ್ಲಿ ತೀರಿಕೊಂಡರು.

ದುಃಖದ ಸಂಗತಿ ಎಂದರೆ, ಕಾಲೇಜಿನ ಸಂಗ್ರಹದಲ್ಲಿದ್ದ ಅವರ ಮೂಲ ಮಾದರಿಗಳು ಕಳೆದುಹೋದವು. ಹೊಸ ಜಾತಿಗೆ ಹೆಸರಿಟ್ಟಾಗ ಬಾಟಲಿಯಲ್ಲಿ ಕಾದಿಡುವ ಆ ಕಪ್ಪೆಯೇ ಸಾಕ್ಷಿ. ಅದಿಲ್ಲದಿದ್ದರೆ ಕಾಡಿನಲ್ಲಿ ಸಿಕ್ಕಿದ ಕಪ್ಪೆ ರಾಯರು ಹೇಳಿದ್ದೇ ಹೌದೋ ಅಲ್ಲವೋ ಎಂದು ಹೇಗೆ ನಿರ್ಧರಿಸುವುದು? ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಪ್ರೋಗ್ರಾಂ ಹೋಯಿತು, ಬ್ಯಾಕಪ್ ಇಲ್ಲ, ಉಳಿದದ್ದು ಅದರ ವಿವರಣೆ ಮಾತ್ರ. ಅವರು ಕೊಟ್ಟ ಕೆಲವು ಹೆಸರುಗಳ ಗೊಂದಲಕ್ಕೆ ಇದೇ ಕಾರಣ.

ಆದರೂ ವಿವರಣೆ ವ್ಯರ್ಥವಾಗಲಿಲ್ಲ. ಕೊಡಗಿನ ಕಪ್ಪೆಯನ್ನೂ ಕೆಂಪುಹೊಳೆಯ ಕಪ್ಪೆಯನ್ನೂ ಸಂಶೋಧಕ ಎಸ್. ಡಿ. ಬಿಜು ಮತ್ತು ಸಂಗಡಿಗರು ಪಶ್ಚಿಮ ಘಟ್ಟಗಳಲ್ಲಿ ಮತ್ತೆ ಗುರುತಿಸಿ 2011ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ, 2010ರಲ್ಲಿ, ಗೊದಮೊಟ್ಟೆಯ ಹಂತವಿಲ್ಲದೆ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯಾಗಿ ಹೊರಬರುವ ಪೊದೆಗಪ್ಪೆಗಳ ಕುಲಕ್ಕೆ ರಾಯರ ನೆನಪಿನಲ್ಲಿ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಆ ಹೆಸರು ಅಚ್ಚಾದದ್ದು ‘ಕರೆಂಟ್ ಸೈನ್ಸ್’ನಲ್ಲೇ.