ಎರೆಹೊಲದ ಚಿತ್ರಕ್ಕಾಗಿ ಕಾದ ಸತೀಶ್ ಧವನ್

ಕುಷ್ಟಗಿ, ಯಲಬುರ್ಗಾ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆ ಎಷ್ಟು ಉಳಿಯಿತು, ಎಷ್ಟು ಒಣಗಿತು ಎಂಬುದನ್ನು ಕಂದಾಯ ಇಲಾಖೆ ಬಹುಕಾಲ ಆಣೆವಾರಿಯಿಂದಲೇ ನಿರ್ಧರಿಸುತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಭತ್ತಕ್ಕೂ ನೆರೆಯ ತಾಲ್ಲೂಕಿನ ಬಾಡಿದ ಸಜ್ಜೆಗೂ ಇರುವ ಅಂತರ ದಾರಿಹೋಕನಿಗೂ ಕಾಣುತ್ತದೆ. ಕಡತಕ್ಕೆ ಕಾಣುವುದು ಮಾತ್ರ ತಡ. ಈ ಅಂತರವನ್ನು ಆಕಾಶದಿಂದ ಅಳೆಯುವ ಕಾರ್ಯಕ್ಕೆ ಬೆಂಗಳೂರಿನಲ್ಲಿ ಸಂಸ್ಥೆಯ ರೂಪ ಕೊಟ್ಟವರು ಸತೀಶ್ ಧವನ್.

1920ರಲ್ಲಿ ಶ್ರೀನಗರದಲ್ಲಿ ಜನಿಸಿದ ಧವನ್, ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಗಣಿತ, ಇಂಗ್ಲಿಷ್ ಸಾಹಿತ್ಯ, ಎಂಜಿನಿಯರಿಂಗ್ ಮೂರನ್ನೂ ಓದಿದವರು. 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, 1962ರಲ್ಲಿ ಅದರ ನಿರ್ದೇಶಕರಾದರು. ವಿಕ್ರಮ್ ಸಾರಾಭಾಯಿ ನಿಧನಾನಂತರ 1972ರಲ್ಲಿ ಇಸ್ರೊ ಹೊಣೆ ಬಂದಾಗ, ಸಂಸ್ಥೆಯನ್ನು ಬಿಡುವುದಿಲ್ಲ, ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬ ಷರತ್ತುಗಳೊಡನೆ ಒಪ್ಪಿಕೊಂಡರು.

ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಉಡುಪಿಯ ಯು.ಆರ್. ರಾವ್ ಅವರ ತಂಡ 1975ರ ಆರ್ಯಭಟವನ್ನು ಕಟ್ಟಿತ್ತು. ಮುಂದಿನ ಉಪಗ್ರಹ ಭಾಸ್ಕರಕ್ಕೆ ಭೂಮಿಯನ್ನು ನೋಡುವ ಕೆಲಸ. 442 ಕಿಲೋ ತೂಕದ ಅದರೊಳಗೆ ಎರಡು ಟೆಲಿವಿಷನ್ ಕ್ಯಾಮೆರಾಗಳಿದ್ದವು: ಒಂದು ಗೋಚರ ಬೆಳಕಿಗೆ, ಇನ್ನೊಂದು ಅವಕೆಂಪು ಕಿರಣಕ್ಕೆ. ಹಸಿರೆಲೆ ಅವಕೆಂಪನ್ನು ಹೆಚ್ಚಾಗಿ ಹಿಂದಕ್ಕೆ ಎಸೆಯುವುದರಿಂದ ಎರಡೂ ಚಿತ್ರಗಳನ್ನು ಹೋಲಿಸಿದರೆ ಪೈರು ಬೇರೆ, ಬಯಲು ಬೇರೆ ಎಂದು ತಿಳಿಯುತ್ತದೆ. ಸಮುದ್ರದ ಮೇಲಿನ ನೀರಾವಿಯನ್ನು ಅಳೆಯಲು ಸಮೀರ್ ಎಂಬ ಸೂಕ್ಷ್ಮತರಂಗ ಉಪಕರಣವೂ ಜೊತೆಗಿತ್ತು. ಇಂಥ ಉಪಕರಣಗಳು ಉಡಾವಣೆಯ ಕಂಪನವನ್ನೂ ನಿರ್ವಾತದ ಸುಡುಬಿಸಿಲು, ಕಡುಚಳಿಗಳನ್ನೂ ತಾಳಬೇಕು; ಮೇಲೆ ಹೋದಮೇಲೆ ಸ್ಕ್ರೂ ತಿರುಗಿಸುವವರಿಲ್ಲ.

1979ರ ಜೂನ್ 7ರಂದು ಸೋವಿಯತ್ ರಾಕೆಟ್ ಭಾಸ್ಕರವನ್ನು ಕಕ್ಷೆಗೇರಿಸಿತು. ಸಮೀರ್ ಕೆಲಸ ಮಾಡಿತು. ಕ್ಯಾಮೆರಾಗಳನ್ನು ಚಾಲೂ ಮಾಡಲಾಗಲಿಲ್ಲ. ಅಧಿಕ ವೋಲ್ಟೇಜಿನ ಭಾಗದಲ್ಲಿ ಉಳಿದ ಅನಿಲದಿಂದ ವಿದ್ಯುತ್ ಸೋರುವ ಭಯ. ಆಗಸ್ಟ್ 10ರಂದು ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿತ್ತು. ಎರಡು ತಿಂಗಳಲ್ಲಿ ಎರಡು ಪೆಟ್ಟು. ಸರ್ಕಾರಿ ವ್ಯವಸ್ಥೆಯಲ್ಲಿ ಇಂಥ ಹೊತ್ತಿನಲ್ಲಿ ತಪ್ಪಿತಸ್ಥನ ಹುಡುಕಾಟ ಎಷ್ಟು ಚುರುಕಾಗುತ್ತದೆಂಬುದನ್ನು ನೌಕರಿಯಲ್ಲಿ ಕಂಡವನು ನಾನು. ಧವನ್ ಸೋಲಿನ ಹೊಣೆಯನ್ನು ತಾವೇ ಹೊತ್ತು, ತಂಡಗಳನ್ನು ಕೆಲಸ ಮಾಡಲು ಬಿಟ್ಟರು. ಸುಮಾರು ಒಂದು ವರ್ಷ ಕಾದು, 1980ರ ಮೇನಲ್ಲಿ ಕ್ಯಾಮೆರಾ ಚಾಲೂ ಮಾಡಿದಾಗ ಚಿತ್ರ ಬಂತು.

ಆದರೆ ಆ ಚಿತ್ರದ ಒಂದು ಚುಕ್ಕೆ ಒಂದು ಚದರ ಕಿಲೋಮೀಟರ್, ಅಂದರೆ 247 ಎಕರೆ. ಯಲಬುರ್ಗಾದ ಸಣ್ಣ ಹಿಡುವಳಿದಾರ ಅದರೊಳಗೆ ಎಲ್ಲೋ ಕರಗಿಹೋಗುತ್ತಾನೆ. ಅದಕ್ಕಾಗಿಯೇ ಐಆರ್‌ಎಸ್ ಯೋಜನೆ. ಉಪಗ್ರಹ ಏರುವ ಮೊದಲೇ ಕೃಷಿ, ಜಲ, ಅರಣ್ಯ ಇಲಾಖೆಗಳನ್ನು ಅದರ ಬಳಕೆದಾರರನ್ನಾಗಿ ಜೊತೆಗೂಡಿಸಿಕೊಂಡದ್ದನ್ನು ನಾನು ಧವನ್ ಆಡಳಿತದ ಅತ್ಯುತ್ತಮ ಕೆಲಸವೆಂದು ಎಣಿಸುತ್ತೇನೆ.

1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಬೈಕನೂರಿನಿಂದ ಹಾರಿದಾಗ ಅಧ್ಯಕ್ಷರಾಗಿದ್ದವರು ರಾವ್. ಅದರ ಸೂಕ್ಷ್ಮ ಕ್ಯಾಮೆರಾಗಳ ಚುಕ್ಕೆ 36.25 ಮೀಟರ್, ನಮ್ಮ ಲೆಕ್ಕದಲ್ಲಿ 13 ಗುಂಟೆ. 1984ರಲ್ಲೇ ಅಧಿಕಾರ ಬಿಟ್ಟಿದ್ದ ಧವನ್, ಹಕ್ಕಿಗಳ ಹಾರಾಟದ ಅಧ್ಯಯನದಲ್ಲೂ ತೊಡಗಿದ್ದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು.