ಕೊನೇ ಸಾಲಿನವನಿಗೂ ಕೇಳಿಸಲಿ ಅಂತ ಏಳು ತಂತಿ ಕಟ್ಟಿದ ಚೌಡಯ್ಯ

ಚೌಡಯ್ಯ ಅಂದ ಕೂಡಲೆ ಕೊಪ್ಪಳ ಸೀಮೆಯ ಮಂದಿಗೆ ಮೊದಲು ನೆನಪಾಗುವುದು ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯ. ಅದರಲ್ಲಿ ತಪ್ಪೇನಿಲ್ಲ. ಆದರೆ ಗಂಗಾವತಿ, ಕುಷ್ಟಗಿಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದವರು ಮಲ್ಲೇಶ್ವರದ ಕಡೆ ಅಡ್ಡಾಡಿದ್ದರೆ ಇನ್ನೊಬ್ಬ ಚೌಡಯ್ಯನ ಹೆಸರು ಹೊತ್ತ ಸಭಾಭವನ ಕಂಡಿರುತ್ತಾರೆ. ಇಡೀ ಕಟ್ಟಡವೇ ಪಿಟೀಲಿನ ಆಕಾರದ್ದು. ನೋಡಿದವರು ಬೆರಗಾಗಿ ಮುಂದೆ ಹೋಗುತ್ತಾರೆ. ಇದು ಯಾರ ನೆನಪಿಗೆ, ಯಾಕೆ ಅಂತ ವಿಚಾರಿಸುವವರು ಕಡಿಮೆ.

ಇವರು ಮೈಸೂರು ಟಿ. ಚೌಡಯ್ಯ. ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಕಟ್ಟಿ ಏಳು ಮಾಡಿದ ಪುಣ್ಯಾತ್ಮ. ಹಂಗ್ಯಾಕೆ ಮಾಡಿದರು ಅನ್ನೋದೇ ತಿಳಿಯಬೇಕಾದ ಸಂಗತಿ.

ಸಂಗಮದ ಊರಿನ ಹುಡುಗ

ಮೈಸೂರು ಜಿಲ್ಲೆಯ ತಿ. ನರಸೀಪುರದ ಬಳಿ ಕಾವೇರಿ, ಕಪಿಲೆ ಕೂಡುವ ತಿರುಮಕೂಡಲು ಇವರ ಊರು. ಹುಟ್ಟಿದ್ದು 1895ರಲ್ಲಿ. ತಂದೆ ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. 1910ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಮೈಸೂರಿನ ಗಾಯಕ ಬಿಡಾರಂ ಕೃಷ್ಣಪ್ಪನವರ ಶಿಷ್ಯನಾಗಿ ಸೇರಿದರು. ಎಂಟು ವರ್ಷ ಗುರುವಿನ ಕೈಕೆಳಗೆ ಕಲಿತರು. ಈಗಿನಂತೆ ಮೂರು ತಿಂಗಳಲ್ಲಿ ಕಲಿತು ಸ್ಟೇಜು ಹತ್ತುವ ಕಾಲ ಅದಲ್ಲ. ಗುರು ಒಪ್ಪಿದರೇ ವಿದ್ಯೆ, ಗುರು ಕರೆದರೇ ಕಚೇರಿ.

ಈ ಕೃಷ್ಣಪ್ಪನವರಿಗೂ ತುಂಗಭದ್ರೆಯ ದಂಡೆಗೂ ಒಂದು ನಂಟಿದೆ. ಹೊಳೆಯ ಆಚೆ ದಂಡೆ ಹಂಪಿಯಲ್ಲಿ ಪುರಂದರದಾಸರ ಮಂಟಪ, ಈಚೆ ದಂಡೆ ಗಂಗಾವತಿ ತಾಲೂಕಿನ ಆನೆಗೊಂದಿ. ಈ ನೀರಿನ ಪಕ್ಕದಲ್ಲಿ ಬೆಳೆದ ದಾಸರ ಪದಗಳಿಗೆ ದೊಡ್ಡ ಕಚೇರಿಗಳಲ್ಲಿ ಮರ್ಯಾದೆಯ ಜಾಗ ಕೊಡಿಸಿದವರಲ್ಲಿ ಕೃಷ್ಣಪ್ಪ ಮುಂದಿನ ಸಾಲಿನವರು. ಅವರು ಹಾಡುವಾಗ ಪಕ್ಕದಲ್ಲಿ ಕೂತು ಪಿಟೀಲು ನುಡಿಸುತ್ತಿದ್ದವರು ಚೌಡಯ್ಯ.

ಕೊನೇ ಸಾಲಿನ ಕಷ್ಟ

ಆಗ ಮೈಕು ಇರಲಿಲ್ಲ. ಹಾಡುವವರಿಗೆ ಗಂಟಲೇ ಗತಿ. ಹಳೇ ನಾಟಕ ಕಂಪನಿಗಳನ್ನು ಕಂಡ ಯಲಬುರ್ಗಾ, ಕುಕನೂರು ಕಡೆಯ ಹಿರಿಯರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಪಾತ್ರಧಾರಿಯ ಮಾತು ಚಾಪೆಯ ಮೇಲೆ ಹಿಂದೆ ಕೂತವನಿಗೆ ಮುಟ್ಟದಿದ್ದರೆ ಶಿಳ್ಳೆ ಬೀಳುತ್ತಿತ್ತು. ಸಂಗೀತ ಕಚೇರಿಯಲ್ಲಿ ಶಿಳ್ಳೆ ಬೀಳುವುದಿಲ್ಲ, ಅಷ್ಟೇ. ಮಂದಿ ಸುಮ್ಮನೆ ಎದ್ದು ಹೋಗುತ್ತಾರೆ.

ಗಾಯಕರ ದೊಡ್ಡ ದನಿ, ಪಕ್ಕದಲ್ಲಿ ಮೃದಂಗದ ಪೆಟ್ಟು. ಇವೆರಡರ ನಡುವೆ ಪಿಟೀಲಿನ ಸಣ್ಣ ದನಿ ನಾಲ್ಕು ಸಾಲು ದಾಟುವುದರೊಳಗೆ ಕರಗಿ ಹೋಗುತ್ತಿತ್ತು. ಮುಂದೆ ಕುರ್ಚಿಯಲ್ಲಿ ಕೂತ ಸಾಹುಕಾರರಿಗೆ ಪೂರಾ ಸಂಗೀತ, ಹಿಂದೆ ನಿಂತ ಬಡವನಿಗೆ ಅರ್ಧ ಸಂಗೀತ. ಚೌಡಯ್ಯನವರ ತಲೆಗೆ ಹತ್ತಿದ್ದು ಈ ಚಿಂತೆ.

ಜೊತೆ ತಂತಿ

1927ರ ಹೊತ್ತಿಗೆ ಅವರು ಪಿಟೀಲಿನ ಮೂರು ತಂತಿಗಳಿಗೆ ಒಂದೊಂದು ಜೊತೆ ತಂತಿ ಕಟ್ಟಿದರು. ಇನ್ನೊಂದು ತಂತಿ ಒಂಟಿಯಾಗಿ ಉಳಿಯಿತು. ಒಟ್ಟು ಏಳು. ಕಮಾನು ಒಂದೇ ಎಳೆತಕ್ಕೆ ಎರಡು ತಂತಿ ಸವರುತ್ತದೆ. ನಾದ ದಪ್ಪವಾಗಿ, ತುಂಬಿಕೊಂಡು ಹೊರಡುತ್ತದೆ.

ಹೇಳಲಿಕ್ಕೆ ಸುಲಭ, ನುಡಿಸಲಿಕ್ಕೆ ಅಲ್ಲ. ಒಂದು ಬೆರಳು ಎರಡು ತಂತಿಯನ್ನು ಒಟ್ಟಿಗೆ ಒತ್ತಬೇಕು. ಕೂದಲೆಳೆಯಷ್ಟು ಜಾರಿದರೂ ಎರಡು ದನಿ ಜಗಳಾಡುತ್ತವೆ. ಬಿರಟೆ ತಿರುವಿ ಶ್ರುತಿ ಕೂಡಿಸುವ ಕೆಲಸವೂ ಹೆಚ್ಚು. ಬೆರಳು ಉಕ್ಕಿನಂತಿರಬೇಕು, ಕಿವಿ ತಕ್ಕಡಿಯಂತಿರಬೇಕು. ಅಂಗಡಿ ಇಟ್ಟವರಿಗೆ ತಕ್ಕಡಿಯ ಮಾತು ಬೇಗ ತಿಳಿದೀತು.

ಗುರುವಿಗೆ ತಿಳಿಸದೆ ವಾದ್ಯದ ರೂಪ ಬದಲಿಸುವುದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. ಕೃಷ್ಣಪ್ಪನವರು ಸಿಟ್ಟಾಗಿದ್ದರೆ ಹದಿನೇಳು ವರ್ಷದ ಋಣ ಅಲ್ಲಿಗೇ ಮುಗಿಯುತ್ತಿತ್ತು. ಮೊದಲು ಗುಟ್ಟಾಗಿ ನುಡಿಸಿದರು, ಆಮೇಲೆ ಸಂಗತಿ ತಿಳಿದ ಗುರುಗಳು ನಾದ ಕೇಳಿ ಒಪ್ಪಿಕೊಂಡರು ಅಂತ ಮೈಸೂರು ಕಡೆ ಹೇಳುತ್ತಾರೆ. ಎಲ್ಲರೂ ಒಪ್ಪಲಿಲ್ಲ. ನಾಲ್ಕು ತಂತಿಯ ನಯ ಇದಕ್ಕಿಲ್ಲ, ಗದ್ದಲ ಜಾಸ್ತಿ ಅಂದವರೂ ಇದ್ದರು. ಚೌಡಯ್ಯ ವಾದ ಮಾಡಲಿಲ್ಲ, ನುಡಿಸುತ್ತ ಹೋದರು.

ಪಕ್ಕವಾದ್ಯದವನ ಗತ್ತು

ಗುಡುಗಿನ ಕಂಠದ ಚೆಂಬೈ ವೈದ್ಯನಾಥ ಭಾಗವತರ್ ಹಾಡು, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ, ಚೌಡಯ್ಯನವರ ಪಿಟೀಲು. ಈ ಮೂವರು ಒಂದೇ ವೇದಿಕೆ ಹತ್ತಿದರೆ ದಕ್ಷಿಣದಲ್ಲಿ ಎಲ್ಲಿದ್ದರೂ ಜನ ಮುಗಿಬೀಳುತ್ತಿದ್ದರು. ದನಿ ದೊಡ್ಡದಾಯಿತೆಂದು ಚೌಡಯ್ಯ ಗಾಯಕರನ್ನು ಮೀರಿ ಮೆರೆಯಲಿಲ್ಲ. ಗಾಯಕರು ಬಿಟ್ಟ ಜಾಗ ತುಂಬಿದರು, ಅವರು ಹಾಡುವಾಗ ನೆರಳಿನಂತೆ ಹಿಂದೆ ನಡೆದರು.

ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾದರು. ಹುಟ್ಟೂರಿನ ನೆನಪಿಗೆ ತ್ರಿಮಕುಟ ಅನ್ನೋ ಅಂಕಿತ ಇಟ್ಟು ಕೃತಿ ರಚಿಸಿದರು. 1943ರಲ್ಲಿ ವಾಣಿ ಅನ್ನೋ ಕನ್ನಡ ಸಿನಿಮಾ ತೆಗೆದರು. ಅದರ ನಿರ್ದೇಶಕರು ನಾಟಕದ ಕೆ. ಹಿರಣ್ಣಯ್ಯ, ಅಂದರೆ ಮಾಸ್ಟರ್ ಹಿರಣ್ಣಯ್ಯನವರ ತಂದೆ. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು.

ಗಿಟಾರು ಹಿಡಿದ ದಾರಿ

ದನಿ ಸಾಲದೆಂಬ ಚಿಂತೆ ಆ ಕಾಲದಲ್ಲಿ ಚೌಡಯ್ಯನವರೊಬ್ಬರದೇ ಅಲ್ಲ. ಅಮೆರಿಕದಲ್ಲಿ ಬ್ಯಾಂಡಿನ ಕಹಳೆ, ನಗಾರಿಗಳ ನಡುವೆ ಗಿಟಾರಿನ ದನಿ ಮುಳುಗುತ್ತಿತ್ತು. ಅಲ್ಲಿಯವರು ಕರೆಂಟಿನ ದಾರಿ ಹಿಡಿದರು. 1930ರ ದಶಕದಲ್ಲಿ ತಂತಿಯ ಬಳಿ ಅಯಸ್ಕಾಂತ ಮತ್ತು ಸುರುಳಿ ಕೂಡಿಸಿ, ತಂತಿಯ ನಡುಕವನ್ನು ವಿದ್ಯುತ್ತಾಗಿ ಮಾಡಿ ಎಲೆಕ್ಟ್ರಿಕ್ ಗಿಟಾರು ಮಾರುಕಟ್ಟೆಗೆ ತಂದರು. 1954ರಲ್ಲಿ ಲಿಯೋ ಫೆಂಡರ್ ಅವರ ಕಂಪನಿ ಎರಡು ಕೋಡಿನ ಸ್ಟ್ರಾಟೊಕ್ಯಾಸ್ಟರ್ ಮಾದರಿ ಹೊರತಂದಿತು. ಜಿಮಿ ಹೆಂಡ್ರಿಕ್ಸ್ ಜಗತ್ತನ್ನು ನಡುಗಿಸಿದ್ದು ಅದರ ಮೇಲೆಯೇ. ಇವತ್ತು ಊರ ಜಾತ್ರೆಯ ಆರ್ಕೆಸ್ಟ್ರಾ ಹುಡುಗರ ಹೆಗಲಿಗೆ ಎರಡು ಕೋಡಿನ ಗಿಟಾರು ಕಂಡರೆ ಅದು ಆ ಮಾದರಿಯ ಮೊಮ್ಮಗನೇ.

ಅವರಿಗೆ ಕರೆಂಟು, ಇವರಿಗೆ ಮೂರು ತಂತಿ. ಹಸಿವು ಮಾತ್ರ ಒಂದೇ.

ಆಮೇಲೆ ಸಭೆಗಳಿಗೆ ಮೈಕು ಬಂತು. ನಾಲ್ಕು ತಂತಿಯ ದನಿಯೂ ದೂರಕ್ಕೆ ಮುಟ್ಟತೊಡಗಿತು. ಏಳು ತಂತಿ ಕಟ್ಟಲೇಬೇಕೆಂಬ ಒತ್ತಾಯ ಉಳಿಯಲಿಲ್ಲ. ಆದರೂ ಆರ್.ಆರ್. ಕೇಶವಮೂರ್ತಿಯಂಥ ವಿದ್ವಾಂಸರು ಆ ನಾದದ ಮೋಹಕ್ಕೆ ಏಳು ತಂತಿಯನ್ನೇ ನುಡಿಸುತ್ತ ಬಂದರು. ಚೌಡಯ್ಯ ತೀರಿಕೊಂಡದ್ದು 1967ರ ಜನವರಿ 19ರಂದು. ಪಿಟೀಲಿನಾಕಾರದ ಭವನ ಎದ್ದದ್ದು 1980ರಲ್ಲಿ, ಕೆ.ಕೆ. ಮೂರ್ತಿಯವರ ಮುಂದಾಳತ್ವದಲ್ಲಿ.

ಜನವರಿ ಅಂದರೆ ಕೊಪ್ಪಳಕ್ಕೆ ಗವಿಮಠದ ಜಾತ್ರೆಯ ಹಂಗಾಮು. ಈಗ ಯಾವ ಜಾತ್ರೆಗೆ ಹೋದರೂ ಸ್ಪೀಕರಿಗೆ ಬರವಿಲ್ಲ. ದನಿ ಮೂರು ಓಣಿ ದಾಟಿ ಹೋಗುತ್ತದೆ. ಗುಂಡಿ ತಿರುವಿದರೆ ಸಾಕು, ಸದ್ದು ಹೆಚ್ಚುತ್ತದೆ. ಚೌಡಯ್ಯನವರ ಕಾಲಕ್ಕೆ ತಿರುವಲಿಕ್ಕೆ ಗುಂಡಿ ಇರಲಿಲ್ಲ, ಇದ್ದದ್ದು ಬಿರಟೆ. ದನಿ ಬೇಕೆಂದರೆ ಬೆರಳು ಸವೆಸಬೇಕಿತ್ತು. ಅವರು ಸವೆಸಿದ್ದು ಹಿಂದೆ ನಿಂತವನ ಸಲುವಾಗಿ. ಕೊನೇ ಸಾಲಿನವನ ನೆನಪಿಟ್ಟ ವಿದ್ವಾಂಸನನ್ನು ಕೊನೇ ಸಾಲಿನವರು ಮರೆಯಬಾರದು.