ಫ್ಲಾರೆನ್ಸ್ ನೈಟಿಂಗೇಲ್ ಎಂಬ ಮೇಲ್ವಿಚಾರಕಿ

ಮೇ 12 ದಾದಿಯರ ದಿನ. ನಮ್ಮ ಗಡಿನಾಡಿನ ಕನ್ನಡ ಮನೆಗಳಿಂದಲೂ ಎಷ್ಟೋ ಹೆಣ್ಣುಮಕ್ಕಳು ನರ್ಸಿಂಗ್ ಕಲಿತು ಪರವೂರುಗಳಲ್ಲಿ ದುಡಿಯುತ್ತಿದ್ದಾರೆ. ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ದೀಪ ಹಿಡಿದು ಗಾಯಾಳುಗಳ ನಡುವೆ ನಡೆಯುವ ಕರುಣಾಮಯಿಯ ಚಿತ್ರ ಎಲ್ಲರ ಕಣ್ಣಿಗೆ ಕಟ್ಟುತ್ತದೆ. ಆ ಚಿತ್ರ ಸುಳ್ಳಲ್ಲ. ಆದರೆ ಆಕೆಯನ್ನು ನೆನೆಯಬೇಕಾದದ್ದು ಹತ್ತು ಜನರನ್ನು ಒಂದು ಕೆಲಸಕ್ಕೆ ಹಚ್ಚಿ ನಡೆಸಿದ ರೀತಿಗಾಗಿ ಎಂದು ನಾವು ತಿಳಿದಿದ್ದೇವೆ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ ಈಕೆ ಶ್ರೀಮಂತ ಆಂಗ್ಲ ಮನೆತನದ ಮಗಳು. ದಾದಿಯಾಗುವೆನೆಂದಾಗ ಮನೆಯವರು ಹೌಹಾರಿದರು. ಆ ಕಾಲದಲ್ಲಿ ಆ ಕೆಲಸಕ್ಕೆ ಅಂಥ ಹೆಸರೇ ಇತ್ತು. ಹಟ ಬಿಡದೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದಳು. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟಿನ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದಳು. ಅಲ್ಲಿ ಆಕೆ ಕೇಳಿದ್ದು ಪ್ರತಿ ಮಹಡಿಗೂ ಬಿಸಿನೀರಿನ ಕೊಳವೆ, ಊಟ ಮೇಲೇರಿಸಲು ರಾಟೆ. ದಾದಿಯ ಕಾಲು ಮೆಟ್ಟಿಲಲ್ಲೇ ಸವೆದರೆ ರೋಗಿಗೇನು ಲಾಭ? ಎಲ್ಲ ಪಂಥದ ರೋಗಿಗಳನ್ನೂ ಸೇರಿಸಿಕೊಳ್ಳಬೇಕೆಂದು ಆಡಳಿತ ಸಮಿತಿಯೊಡನೆ ಜಗಳಾಡಿ ಗೆದ್ದಳು.

ಮರುವರ್ಷ ಕ್ರಿಮಿಯಾ ಯುದ್ಧ. ಮಂತ್ರಿ ಸಿಡ್ನಿ ಹರ್ಬರ್ಟನ ಕೋರಿಕೆಯಂತೆ 38 ಮಂದಿ ದಾದಿಯರೊಡನೆ 1854ರ ನವೆಂಬರ್ 4ರಂದು ತುರ್ಕಿಯ ಸ್ಕುಟಾರಿ ತಲಪಿದಳು. ಸೈನ್ಯದ ವೈದ್ಯರಿಗೆ ಈ ಹೆಂಗಸರು ಬೇಡವಾಗಿದ್ದರು. ಇಲ್ಲಿ ಆಕೆ ಮಾಡಿದ್ದನ್ನು ಓದುಗರು ಗಮನಿಸಬೇಕು. ವಾದಕ್ಕಿಳಿಯಲಿಲ್ಲ, ವೈದ್ಯರು ಕರೆಯುವವರೆಗೆ ಯಾರೂ ವಾರ್ಡಿಗೆ ಕಾಲಿಡಕೂಡದೆಂದು ತನ್ನವರಿಗೇ ಕಟ್ಟಪ್ಪಣೆ ಮಾಡಿದಳು. ಪಕ್ಕದಲ್ಲಿ ಸೈನಿಕರು ನರಳುತ್ತಿರುವಾಗ ದಾದಿಯರು ಬಟ್ಟೆ ಹೊಲಿಯುತ್ತ ಕುಳಿತರು. ಅವರಲ್ಲಿ ಎಷ್ಟು ಮಂದಿ ಆಕೆಯನ್ನು ಶಪಿಸಿದರೋ! ಇಂಕರ್ಮನ್ ಕದನದ ಗಾಯಾಳುಗಳು ಬಂದು ಆಸ್ಪತ್ರೆ ತುಂಬಿ ತುಳುಕಿದಾಗ ವೈದ್ಯರೇ ಕರೆಕಳುಹಿಸಿದರು.

ಅನಂತರ ಟೈಮ್ಸ್ ಪತ್ರಿಕೆಯ ನಿಧಿಯಿಂದ ಉಗ್ರಾಣ ತುಂಬಿಸಿದಳು. ಮನೆಯೊಂದನ್ನು ಬಾಡಿಗೆಗೆ ಹಿಡಿದು, ಸೈನಿಕರ ಹೆಂಡಿರಿಗೆ ಕೂಲಿ ಕೊಟ್ಟು ಬಟ್ಟೆ ಒಗೆಸಿದಳು. ಕುಡಿದು ಬಂದ ದಾದಿಯರನ್ನು ಊರಿಗೆ ಹೊರಡಿಸಿದಳು. ತಾನು ಕೇಳದೆಯೇ ಇನ್ನೊಂದು ತಂಡ ಬಂದಿಳಿದಾಗ ಹರ್ಬರ್ಟನ ಮೇಲೆಯೇ ಹರಿಹಾಯ್ದಳು. ಅಷ್ಟು ಬಿರುಸು ಬೇಕಿತ್ತೇ ಎಂದು ನಮಗೂ ಅನಿಸಿದ್ದುಂಟು. ಆದರೆ ಹೊಣೆ ಒಬ್ಬರದು, ಆಯ್ಕೆ ಇನ್ನೊಬ್ಬರದು ಎಂದಾದ ಕಚೇರಿಯ ಪಾಡು ನಾವೆಲ್ಲ ಕಂಡದ್ದೇ.

ಇಷ್ಟಾಗಿಯೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಸ್ಕುಟಾರಿಯ ಮರಣ ಪ್ರಮಾಣ ನೂರಕ್ಕೆ 42. ಆಸ್ಪತ್ರೆಯ ಅಡಿಯಲ್ಲೇ ಚರಂಡಿ ಕಟ್ಟಿ ಕೊಳೆಯುತ್ತಿತ್ತು. ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗ ಅದನ್ನು ತೊಳೆಸಿತು, ಗಾಳಿಗೆ ದಾರಿ ಮಾಡಿತು. ಬೇಸಗೆಯ ಹೊತ್ತಿಗೆ ಪ್ರಮಾಣ ನೂರಕ್ಕೆ 2ಕ್ಕೆ ಇಳಿಯಿತು. ಜನ ಆ ಕೀರ್ತಿಯನ್ನು ದೀಪದ ಮಹಿಳೆಗೆ ಕೊಟ್ಟರು. 1856ರಲ್ಲಿ ಊರಿಗೆ ಮರಳಿದ ಆಕೆ ಮೆರವಣಿಗೆಗೆ ಸಿಕ್ಕದೆ, ಬೇರೆ ಹೆಸರಿನಲ್ಲಿ ಪ್ರಯಾಣ ಮಾಡಿ ಮನೆ ಸೇರಿದಳು. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್‌ನೊಡನೆ ಕುಳಿತು ಲೆಕ್ಕ ತೆಗೆದಾಗ, ಗಾಯಕ್ಕಿಂತ ಎಷ್ಟೋ ಪಾಲು ಹೆಚ್ಚು ಮಂದಿಯನ್ನು ಕೊಂದದ್ದು ತಡೆಯಬಹುದಾಗಿದ್ದ ರೋಗಗಳೆಂದು ಸ್ಪಷ್ಟವಾಯಿತು. ಆ ಲೆಕ್ಕದಲ್ಲಿ ತಾನು ನಡೆಸಿದ ಆಸ್ಪತ್ರೆಯೂ ಇತ್ತು. ಮುಚ್ಚಿಡಲಿಲ್ಲ, ಬಣ್ಣದ ನಕ್ಷೆ ಬರೆದು ಮಂತ್ರಿಗಳ ಮುಂದಿಟ್ಟಳು.

1857ರಿಂದ ಆಕೆ ಬಹುಮಟ್ಟಿಗೆ ಹಾಸಿಗೆ ಹಿಡಿದವಳು. ಕೆಲಸ ಮಾತ್ರ ನಿಲ್ಲಲಿಲ್ಲ. 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ, ಮೇಲ್ವಿಚಾರಕಿ ಎದುರಿಗಿಲ್ಲದಾಗಲೂ ಕೆಲಸ ನಡೆಯುವಂತೆ ಏರ್ಪಾಡು ಮಾಡುವುದು ಹೇಗೆಂಬುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆಯಿತು. ಅದರ ದೈನಂದಿನ ಆಡಳಿತವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದಳು. ಭಾರತಕ್ಕೆ ಎಂದೂ ಬಾರದಿದ್ದರೂ ಇಲ್ಲಿನ ದಂಡು ಪ್ರದೇಶಗಳಿಗೆಲ್ಲ ಪ್ರಶ್ನಾವಳಿ ಕಳುಹಿಸಿ ನೀರು, ಚರಂಡಿ, ಬ್ಯಾರಕ್ಕುಗಳ ಸ್ಥಿತಿಯನ್ನು ಮಂಚದ ಮೇಲಿಂದಲೇ ತಿಳಿದುಕೊಂಡಳು.

1910ರ ಆಗಸ್ಟ್ 13ರಂದು, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡುವ ಮಾತು ಬಂದಾಗ ಮನೆಯವರು ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಆಕೆಯ ಪೂರ್ಣ ಹೆಸರಿಲ್ಲ. ಎರಡು ಮೊದಲಕ್ಷರ, ಹುಟ್ಟಿದ ದಿನ, ಸತ್ತ ದಿನ, ಅಷ್ಟೆ.